ಸರದಿ

ಸಮಿತಿಯವರು ಹನ್ನೊಂದಕ್ಕೆ ಬರುವವರಿದ್ದರು. ಒಂಬತ್ತೂವರೆಗೆ ಮೇಡಂ ಲ್ಯಾಬಿನ ಸ್ಟೂಲಿನ ಮೇಲೆ ಕೂತು, ಮೂರನೆಯ ಸಲವೂ ಹಾಗೆಯೇ ಬಂದ ಅಂಕಿಗಳನ್ನು ನೋಡುತ್ತಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಕನ್ನಡಕದ ಅಂಗಡಿ ಇಟ್ಟಿರುವ ಗಂಡ, "ಇಷ್ಟು ವರ್ಷ ಮಕ್ಕಳಿಗೆಲ್ಲ ಪರೀಕ್ಷೆ ಮಾಡಿ ಗೋಳು ಹುಯ್ಕೊಂಡಿದೀಯ, ಇವತ್ತೊಂದಿನ ನೀನೂ ಕೊಡು" ಎಂದು ನಗಿಸಲು ನೋಡಿದ್ದರು. ಪಾಪ, ಅವರಿಗೆ ವಿಷಯ ಗೊತ್ತಿರಲಿಲ್ಲ. ಹೇಳುವ ಧೈರ್ಯ ಮೇಡಂಗೆ ಇರಲಿಲ್ಲ.

ಗಿಡಕ್ಕೆ ಕಷ್ಟ ಬಂದಾಗ ಎಲೆಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಏರುತ್ತದೆ, ನಮಗೆ ಜ್ವರ ಏರಿದ ಹಾಗೆ. ನೀರು ನಿಲ್ಲಿಸಿದ ಎರಡೇ ದಿನಕ್ಕೆ, ಎಲೆ ಬಾಡುವ ಎಷ್ಟೋ ಮೊದಲೇ, ಅದು ಇಮ್ಮಡಿಯಾಗುತ್ತದೆ ಎಂದು ಮೇಡಂ ಹದಿಮೂರು ವರ್ಷದ ಹಿಂದೆ ಒಂದು ಲೇಖನದಲ್ಲಿ ಬರೆದಿದ್ದರು. ಆ ಒಂದು ಮಾತು ಅವರನ್ನು ಎಲ್ಲಿಂದ ಎಲ್ಲಿಗೋ ಒಯ್ದಿತ್ತು. ಸಾವಿರದ ಮುನ್ನೂರು ಲೇಖನಗಳು ಅದನ್ನು ಉಲ್ಲೇಖಿಸಿದ್ದವು. ಸಸಿ ಬೆಳೆಸುವ ಕಂಪನಿಗಳು ಅದೇ ಅಳತೆ ಹಿಡಿದು ಬರ ತಾಳುವ ಸಸಿಗಳನ್ನು ಆರಿಸಿಕೊಂಡು, ಉಳಿದವನ್ನು ಗುಂಡಿಗೆ ಹಾಕುತ್ತಿದ್ದವು. ಇವತ್ತು ಸಮಿತಿ ಹೂಂ ಅಂದರೆ ಮೇಡಂಗೆ ಅವರದೇ ಒಂದು ಸಂಶೋಧನಾ ಕೇಂದ್ರ ಸಿಗುತ್ತಿತ್ತು.

ಹೋದ ತಿಂಗಳು ಹೊಸ ವಿದ್ಯಾರ್ಥಿನಿ ಅದೇ ಪ್ರಯೋಗ ಮಾಡಿ, ತಲೆಕೆಳಗಾದ ಫಲಿತಾಂಶ ತಂದಳು. ನೀರುಂಡ ಗಿಡಗಳಲ್ಲೇ ಪೆರಾಕ್ಸೈಡ್ ಹೆಚ್ಚು. ಮೇಡಂ ಅವಳನ್ನು ಚೆನ್ನಾಗಿ ಝಾಡಿಸಿದರು. ಅವಳು ಮಾಡಿದ್ದು ಇಷ್ಟೇ, ಕುಂಡಗಳ ಟ್ರೇಯನ್ನು ತಿರುಗುಮುರುಗಾಗಿ ಇಟ್ಟು, ಒಣಗಿಸಿದವುಗಳ ಎಲೆಯನ್ನೇ ಮೊದಲು ಕಿತ್ತಿದ್ದಳು. ಆ ಲ್ಯಾಬಿನಲ್ಲಿ ಮೊದಲಿನಿಂದಲೂ ಒಂದು ಪದ್ಧತಿಯಿತ್ತು. ಕುಂಡಗಳನ್ನೆಲ್ಲ ಒಟ್ಟಿಗೆ ಮೇಜಿಗೆ ತರುವುದು, ಮೊದಲು ನೀರುಂಡ ಗಿಡಗಳ ಎಲೆ ಕಿತ್ತು ಹೆಪ್ಪುಗಟ್ಟಿಸುವುದು, ನೀರು ನಿಲ್ಲಿಸಿ ಒಣಗಿಸಿದವು ಆಮೇಲೆ. ಅಷ್ಟು ಹೊತ್ತು, ಸುಮಾರು ಅರ್ಧ ಗಂಟೆ, ಒಣಗಿಸಿದವು ಉರಿಯುವ ದೀಪದ ಕೆಳಗೆ ಹೋಗಿಬರುವವರ ಕೈ ತಾಗಿಸಿಕೊಂಡು ಕಾಯುತ್ತಿದ್ದವು. ಮೇಡಂ ಸರದಿ ಅದಲುಬದಲು ಮಾಡಿ ತಾವೇ ಮೂರು ಸಲ ಅಳೆದರು. ಮೂರು ಸಲವೂ ಕೊನೆಗೆ ಕಿತ್ತವುಗಳಲ್ಲೇ ಹೆಚ್ಚು. ಹದಿಮೂರು ವರ್ಷ ಅವರು ಅಳೆದಿದ್ದು ಗಿಡದ ಬಾಯಾರಿಕೆಯನ್ನಲ್ಲ, ಮೇಜಿನ ಮೇಲೆ ಕಾಯಿಸಿದ್ದನ್ನು.

ಇಷ್ಟೇ ಆಗಿದ್ದರೆ, ಮನುಷ್ಯರು ಅಂದಮೇಲೆ ತಪ್ಪಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಒಂದು ಸಣ್ಣ ಕಾಲೇಜಿನ ಹುಡುಗಿ ಇದನ್ನೇ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದಳು. ಪತ್ರಿಕೆಯವರು ಅದನ್ನು ಪರಿಶೀಲನೆಗೆ ಕಳಿಸಿದ್ದು ಮೇಡಂ ಹತ್ತಿರವೇ. ಪರಿಶೀಲಿಸಿದವರ ಹೆಸರು ಹೊರಗೆ ಬರುವುದಿಲ್ಲ. ಎಲೆ ಕೀಳುವುದರಲ್ಲೇ ಶಿಸ್ತಿಲ್ಲ, ಪ್ರಕಟಣೆಗೆ ಯೋಗ್ಯವಲ್ಲ ಎಂದು ನಾಲ್ಕು ಸಾಲು ಗೀಚಿ, ಓದಬೇಕಾದ ಲೇಖನಗಳ ಪಟ್ಟಿಯೊಂದನ್ನು ಅಂಟಿಸಿ ಮೇಡಂ ಊಟಕ್ಕೆ ಎದ್ದು ಹೋಗಿದ್ದರು. ಕೊನೆಯವರೆಗೆ ಓದಿರಲಿಲ್ಲ.

ಆ ಕಾಲೇಜಿನಲ್ಲಿ ವಿಚಾರಿಸಿದಾಗ, ಅವಳು ಸಂಶೋಧನೆ ಬಿಟ್ಟು ಮೂರು ವರ್ಷವಾಯಿತೆಂದು ಹೇಳಿ ನಂಬರು ಕೊಟ್ಟಿದ್ದರು. ಹತ್ತೂಮುಕ್ಕಾಲಿಗೆ ಮೇಡಂ ಬಾಗಿಲು ಹಾಕಿಕೊಂಡು ಫೋನ್ ಮಾಡಿದರು.

"ಹಲೋ, ಪೇಂಟ್ ಅಂಗಡಿ."

ಹಿಂದೆ ಬಣ್ಣದ ಡಬ್ಬ ಕುಲುಕುವ ಯಂತ್ರದ ಗಡಗಡ. ಮೇಡಂ ತಾವು ಯಾರೆಂದು ಹೇಳಿದರು. ಯಂತ್ರ ನಿಂತಿತು.

"ಎಲೆ ಕೀಳೋ ಸರದಿ ಬಗ್ಗೆ ನೀವು ಬರೆದಿದ್ರಲ್ಲ, ಅದು ಸರಿ ಇತ್ತು. ನಾನೇ ಮಾಡಿ ನೋಡ್ದೆ."

"ಹೂಂ."

"ಅದನ್ನ ಬೇಡ ಅಂದಿದ್ದೂ ನಾನೇ."

"ಗೊತ್ತು ಮೇಡಂ. ನಿಮ್ಮದೇ ಹನ್ನೊಂದು ಲೇಖನ ಓದ್ಕೊಂಡು ಬಾ ಅಂತ ಪಟ್ಟಿ ಕೊಟ್ಟಿದ್ರಿ. ಬೇರೆ ಯಾರು ಹಾಗೆ ಕೊಡ್ತಾರೆ."

ಮೇಡಂ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಕ್ಷಮೆಯ ಮಾತು ತೊದಲಿ ತೊದಲಿ ಹೊರಬಂತು. ಆ ಕಡೆಯವಳು ಪೂರ್ತಿ ಕೇಳಿಸಿಕೊಂಡಳು.

"ನನ್ನ ಹತ್ರ ಯಾಕೆ ಹೇಳ್ತಿದೀರ ಮೇಡಂ? ನನಗೆ ಇದು ಆಗ್ಲೇ ಗೊತ್ತಿತ್ತಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿಲ್ಲದೆ ಇರೋರು ಬೇರೆ ಇದಾರೆ. ಇಡ್ತೀನಿ, ಗಿರಾಕಿ ಕಾಯ್ತಿದಾರೆ."

ಮೇಡಂ ಫೋನ್ ಕೆಳಗಿಟ್ಟರು. ನಿಜ ಹೇಳಬೇಕೆಂದರೆ, ಅವಳು ಬೈದಿದ್ದರೂ ಸಾಕಿತ್ತು, ಕ್ಷಮಿಸಿದ್ದರೂ ಸಾಕಿತ್ತು. ಎರಡರಲ್ಲಿ ಒಂದು ಸಿಕ್ಕಿದ್ದರೆ ಮನಸ್ಸು ಹಗುರ ಮಾಡಿಕೊಂಡು, ಇವತ್ತಿನ ಸಭೆ ದಾಟಿಸಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಲೆಕ್ಕ ಒಳಗೊಳಗೇ ಇತ್ತು. ತಮ್ಮ ಆ ಲೆಕ್ಕ ಕಂಡು ಅವರಿಗೇ ನಾಚಿಕೆಯಾಯಿತು.

"ಮೇಡಂ, ಅವರೆಲ್ಲ ಬಂದ್ರು" ಎಂದು ವಿದ್ಯಾರ್ಥಿನಿ ಬಾಗಿಲು ತಟ್ಟಿದಳು. ಆ ಕೇಂದ್ರದಲ್ಲಿ ಮೊದಲ ಕೆಲಸ ಅವಳಿಗೇ ಎಂದು ಮಾತು ಕೊಟ್ಟಾಗಿತ್ತು. ಮೇಡಂಗೆ ಅವಳ ಮುಖ ನೋಡಲಾಗಲಿಲ್ಲ.

ಸಭೆಯ ಕೋಣೆಯಲ್ಲಿ ಐದು ಜನ ಕೂತಿದ್ದರು. ಪರದೆಯ ಮೇಲೆ ಸಾವಿರದ ಮುನ್ನೂರು ಎಂಬ ಅಂಕಿ ಬಾಗಿಲಗಲ ಬೆಳಗುತ್ತಿತ್ತು. ಅಧ್ಯಕ್ಷರು ಸಲಿಗೆಯಿಂದ, "ಅಂಕಿಸಂಖ್ಯೆ ಎಲ್ಲ ನೋಡಿದೀವಿ. ನಿಮ್ಮ ಸಂಶೋಧನೆಯಿಂದ ಯಾರ ಬದುಕು ಬದಲಾಯ್ತು, ಒಂದು ಉದಾಹರಣೆ ಕೊಡಿ ಸಾಕು" ಎಂದರು.

"ಒಬ್ಬಳು ಒಳ್ಳೇ ಸಂಶೋಧಕಿ ಇದ್ಲು" ಎಂದರು ಮೇಡಂ. "ಈಗ ಪೇಂಟ್ ಅಂಗಡೀಲಿ ಕೆಲಸ ಮಾಡ್ತಿದಾಳೆ."

ತಮಾಷೆ ಇರಬೇಕೆಂದು ಅಧ್ಯಕ್ಷರು ನಕ್ಕರು. ಮೇಡಂ ಅವರ ನಗು ಮುಗಿಯುವವರೆಗೆ ಕಾದು, ಮುಂದಿನದನ್ನು ಹೇಳತೊಡಗಿದರು.