ಅತ್ತಿಗೆಯ ಪಾದದ ಬೂಷ್ಟು

ಇದನ್ನು ಹೇಳುವಷ್ಟು ನಾನು ಓದಿದವನಲ್ಲ. ಕಲಿತದ್ದು ಸಂಜೆ ಶಾಲೆಯಲ್ಲಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಅವತ್ತು ಅತ್ತಿಗೆಯನ್ನು ಕಂಪನಿ ಡಾಕ್ಟರ ಮುಂದೆ ಕೂರಿಸಿದವನು ನಾನೇ.

"ಸುಳ್ಳು ಬೊಗಳಬೇಡ. ಯಾವ ದೇಶಕ್ಕೆ ಹೋಗಿದ್ದೆ?" ಎಂದರು ಡಾಕ್ಟರು.

"ತವರಿಗೆ ಹೋಗಿದ್ದೆ ಸ್ವಾಮಿ. ಬಸ್ಸಲ್ಲಿ ಎರಡು ಗಂಟೆ."

ಅತ್ತಿಗೆಯದು ನಮ್ಮ ಕಂಪನಿಯಲ್ಲೇ, ಹಡಗಿನಲ್ಲಿ ಬರುವ ಮರದ ಪೆಟ್ಟಿಗೆಗಳನ್ನು ಒಡೆಯುವ ಕೆಲಸ. ಎರಡು ವರ್ಷದ ಹಿಂದೆ ಪಾದಕ್ಕೆ ಸಿಬರು ಚುಚ್ಚಿತ್ತು. ಗಾಯ ಮಾಯಲಿಲ್ಲ, ಹೂಕೋಸಿನ ಹಾಗೆ ಗಂಟುಗಂಟಾಗಿ ಬೆಳೆಯಿತು. ಅದೊಂದು ಜಾತಿಯ ಬೂಷ್ಟು, ವರ್ಷಗಟ್ಟಲೆ ಮಾತ್ರೆ ನುಂಗದಿದ್ದರೆ ಕಾಲೇ ಹೋಗಬಹುದು ಎಂದು ದೊಡ್ಡಾಸ್ಪತ್ರೆಯವರು ಬರೆದುಕೊಟ್ಟಿದ್ದರು. ಕೆಲಸದಲ್ಲಿ ಬಂದ ರೋಗವೆಂದು ಕಂಪನಿ ಡಾಕ್ಟರು ಒಪ್ಪಿದರೆ ಮಾತ್ರ ಕಂಪನಿ ಖರ್ಚಿನಲ್ಲಿ ಆ ಮಾತ್ರೆ ಸಿಗುತ್ತಿತ್ತು.

ಡಾಕ್ಟರು ದಪ್ಪ ಪುಸ್ತಕ ಬಿಡಿಸಿ ಒಂದು ನಕ್ಷೆ ತೋರಿಸಿದರು. "ನೋಡು, ಈ ರೋಗ ಇರೋ ಕಡೆಗೆಲ್ಲ ಕೆಂಪು. ನಮ್ಮ ಕಡೆ ಬಿಳಿ. ಇಲ್ಲಿ ಇದು ಬರೋ ಹಾಗೇ ಇಲ್ಲ."

ಅತ್ತಿಗೆ ಬಗ್ಗಿ ಪಾದದ ಗಂಟಿಗೆ ಹೇಳಿದಳು: "ಕೇಳಿಸ್ತೇನೇ? ನೀನು ಬರೋ ಹಾಗಿಲ್ವಂತೆ."

ನನಗೆ ನಗು ಬಂತು. ನಗಬಾರದಿತ್ತೇನೋ.

"ಪೆಟ್ಟಿಗೆಗಳು ಆ ಕೆಂಪಿಂದಾನೇ ಬರ್ತಾವಲ್ಲ ಸ್ವಾಮಿ. ಅವುಕ್ಕೆ ಪಾಸ್‌ಪೋರ್ಟ್ ಕೇಳಿದ್ರಾ?" ಎಂದಳು ಅತ್ತಿಗೆ.

ಪಕ್ಕದಲ್ಲಿದ್ದ ಮೇಸ್ತ್ರಿಗೆ ಉರಿದುಹೋಯಿತು. "ಬಾಯ್ಮುಚ್ಚೇ ಮುಂಡೆ! ಕಂಪನಿ ಬೂಟು ಕೊಟ್ಟಿದೆ. ಸಿಬರು ಎಲ್ಲಿಂದ ಚುಚ್ಚುತ್ತೆ?" ಎಂದು ಒಂದು ಫೋಟೋ ಎಸೆದ. ಅದರಲ್ಲಿ ಹನ್ನೊಂದು ಜನ ಹೆಂಗಸರು, ಹನ್ನೊಂದು ಜೊತೆ ಬೂಟು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದ ದಿನ ತೆಗೆದದ್ದು. ಇನ್‌ಸ್ಪೆಕ್ಟರು ಗೇಟು ದಾಟಿ ಹೋದ ಕೂಡಲೇ ಬೂಟು ಒರೆಸಿ ಬೀರುವಿಗೆ ವಾಪಸ್ಸು ಇಡುವುದು ನಮ್ಮಲ್ಲಿನ ಪದ್ಧತಿ.

"ಓ, ಕೊಟ್ಟಿದ್ದಾ? ಇಷ್ಟು ದಿನ ಬರೀ ತೋರ್ಸಿದ್ದು ಅನ್ಕೊಂಡಿದ್ದೆ ಕಣಣ್ಣಾ."

ಬೀರು ಅದೇ ಕೋಣೆಯಲ್ಲಿತ್ತು, ಬೀಗದ ಕೈ ಅದರಲ್ಲೇ ನೇತಾಡುತ್ತಿತ್ತು. ಅತ್ತಿಗೆ ಕುಂಟುತ್ತ ಹೋಗಿ ಅದನ್ನು ತೆರೆದು, ಕಿಟಕಿಯಿಂದ ಕೂಗಿದಳು: "ಬನ್ರೇ! ಬೂಟು ನಮಗೇ ಕೊಟ್ಟಿದ್ದಂತೆ!"

ಹತ್ತು ಜನ ಹೆಂಗಸರು ನುಗ್ಗಿ ಬೂಟಿಗೆ ಕೈಹಾಕಿದರು. ಡಾಕ್ಟರು ಪುಸ್ತಕ ಎದೆಗವಚಿಕೊಂಡು ಎರಡೂ ಕಾಲು ಕುರ್ಚಿಯ ಮೇಲಕ್ಕೆಳೆದುಕೊಂಡರು.

"ಇಡ್ರೇ, ಕಳ್ಳಮುಂಡೇರಾ!" ಎಂದು ಮೇಸ್ತ್ರಿ ಅರಚಿದ.

"ಫೋಟೋದಲ್ಲಿರೋ ಕಾಲು ನಿಮ್ಮಪ್ಪಂದೇನೋ, ಬೋಳಿಮಗನೇ?" ಎಂದಳು ಎಲ್ಲರಿಗಿಂತ ಹಿರಿಯ ಮುದುಕಿ, ಲೇಸು ಬಿಗಿಯುತ್ತ.

ಅತ್ತಿಗೆಯ ಊದಿದ ಕಾಲು ಮಾತ್ರ ಬೂಟಿನೊಳಗೆ ಇಳಿಯಲಿಲ್ಲ. ಒಂದನ್ನು ಮೆಟ್ಟಿ, ಇನ್ನೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಬೂಷ್ಟು ಮರದಲ್ಲಿ ಬಂತೋ, ನಮ್ಮ ಮಣ್ಣಲ್ಲೇ ಮೊದಲಿಂದ ಇತ್ತೋ ನನಗೆ ತಿಳಿಯದು. ಮಾತ್ರೆಯ ಕಾಗದಕ್ಕೆ ಡಾಕ್ಟರು ಇನ್ನೂ ಸಹಿ ಹಾಕಿಲ್ಲ. ಮೊನ್ನೆ ಆ ಮುದುಕಿ ಬೂಟು ಬಿಚ್ಚಿ ಹಿಮ್ಮಡಿ ತೋರಿಸಿದಳು. ಅಲ್ಲೂ ಒಂದು ಸಣ್ಣ ಗಂಟು. ನಡೆದು ನಡೆದು ಬಂದ ಬರೀ ಆಣಿ ಇರಬಹುದು. ಗೊತ್ತಿಲ್ಲ.