ನಾಲ್ಕು ದಿನದ ಕೈಗಡ

ಸಫೂರಾಳ ಗಂಡ ಫರ್ಹಾನ್ ತೀರಿಕೊಂಡ ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದು ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಎಂದಿನಂತೆ ಆರೂವರೆಗೆ ನಲ್ಲಿಯಲ್ಲಿ ನೀರು ಬಂತು. ಸಫೂರಾ ಎದ್ದು ಕೊಡ ತುಂಬಿದಳು, ಅತ್ತೆ ಖತೀಜಾಗೆ ಚಹಾ ಕೊಟ್ಟಳು. ಅಳು ಬರಲಿಲ್ಲ. ಒಂಬತ್ತಕ್ಕೆ ಸರಿಯಾಗಿ ಫೋನು ಬಂತು.

ಬೊಂಬೆ ಕಾರ್ಖಾನೆಯ ಯಜಮಾನರು ಪಂಚಾಕ್ಷರಯ್ಯ. ಫರ್ಹಾನ್ ಅಲ್ಲಿ ಲೇತಿನ ಮೇಲೆ ಕೆಲಸ ಮಾಡುತ್ತಿದ್ದ. ಎಂಸಿಎ ಓದಿದ ಸಫೂರಾ ಆಫೀಸಿನಲ್ಲಿ.

“ಕೇಳ್ಬಾರ್ದು ತಾಯಿ, ಆದ್ರೂ ಕೇಳ್ತಿದೀನಿ. ಆ ರಜೆ ಡೇಟಾಬೇಸು ಎಲ್ಲೀಗಂಟ ಬಂತು? ಸೋಮವಾರದಿಂದ ಹಳೆ ಪುಸ್ತಕ ಮುಚ್ಚಿಬುಡ್ತೀನಿ.”

“ಟೇಬಲ್ ಆಗಿವೆ ಸರ್. ಉಳಿದ ರಜೆ ತುಂಬಬೇಕು.”

“ತುಂಬು. ನಿಂದು ಹನ್ನೊಂದು ದಿನ ಐತೆ, ಅಷ್ಟೂ ಮನೇಲಿರು. ಹನ್ನೆರಡ್ನೇ ದಿನ ಬಂದ್ಬುಡ್ಬೇಕು, ಬೇರೆಯೋರ್ನ ನೋಡ್ಕೊಳಂಗೆ ಮಾಡ್ಬೇಡ. ಫರ್ಹಾನ್‌ದೂ… ಒಸಿ ಕ್ಲೋಸ್ ಮಾಡ್ಬುಡು.”

ಖತೀಜಾ ಕೇಳಿಸಿಕೊಂಡಿದ್ದರು. ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇದ್ದತ್ ಕೂರಬೇಕು.

“ಹನ್ನೊಂದು ದಿನವಂತೆ! ಆ ಕಂಪ್ಯೂಟರಿಗೆ ಇದ್ದತ್ ಅಂದ್ರೆ ಗೊತ್ತಿಲ್ವಾ?”

“ಅದನ್ನ ಮಾಡಿದ್ದು ನಾನೇ ಅಮ್ಮಿ.”

ನಿಜ. ‘ಸಾವಿನ ರಜೆ: ಮೂರು ದಿನ’ ಎಂದು ಹದಿನೈದು ದಿನದ ಹಿಂದೆ ಬರೆದವಳು ಅವಳೇ. ಪ್ರತಿ ರಜೆಯೂ ಒಬ್ಬನೇ ಕೆಲಸಗಾರನ ನಂಬರಿಗೆ ಅಂಟಿಕೊಂಡಿರಬೇಕು, ರಜೆಯಿಲ್ಲದೆ ಮೂರು ದಿನ ಗೈರಾದವನ ಹೆಸರು ಕೆಂಪಾಗಬೇಕು, ಕೆಲಸ ಬಿಟ್ಟವನ ಕೊನೆಯ ದಿನಾಂಕ ತುಂಬಿದ ಕೂಡಲೇ ಅವನ ರಜೆ ಅಳಿಯಬೇಕು. ಎಲ್ಲ ಅವಳದೇ ನಿಯಮ. ಎಲ್ಲಿಯೂ ಸಂದಿಯಿಲ್ಲದಂತೆ ಮಾಡಿದ್ದಳು.

ರಜೆಯಲ್ಲಿದ್ದುಕೊಂಡೇ ಅವಳು ಮನೆಯ ಲ್ಯಾಪ್‌ಟಾಪಿನಲ್ಲಿ ಎಲ್ಲರ ರಜೆ ತುಂಬತೊಡಗಿದಳು. ಫರ್ಹಾನ್ ಹೆಸರಿನಲ್ಲಿ ಒಂಬತ್ತು ದಿನ ಉಳಿದಿತ್ತು. ದಿನಾಂಕ ಹಾಕಿದಳು. ಒಂಬತ್ತು ಸೊನ್ನೆಯಾಯಿತು.

ಊಟದ ಬಿಡುವಿನಲ್ಲಿ ಮುನಿರಾಮಯ್ಯ ಬಂದರು. ಕಾರ್ಖಾನೆಯಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಹಿರಿಯ. ಒಳಗೆ ಬರದೆ ಜಗಲಿಯ ಮೇಲೆ ಕುಳಿತರು. ಬಾಗಿಲ ಪರದೆಯ ಈಚೆ ಸಫೂರಾ.

“ಪುಸ್ತಕ ಮುಚ್ತಾರಂತೆ. ನಂದೆಷ್ಟು ತೋರಿಸ್ತದವ್ವ?”

“ಸೊನ್ನೆ ಅಣ್ಣ.”

“ಹ್ಞೂ. ನನ್ ಹೆಂಡ್ತಿ ಯಲ್ಲಮ್ಮನ ಒಂದು ಕಣ್ಣಿನ ಆಪ್ರೇಷನ್ನಿಗೇ ನಂದೆಲ್ಲ ಮುಗೀತು. ಶುಕ್ರವಾರ ಇನ್ನೊಂದು ಕಣ್ಣು. ನಾಲ್ಕು ದಿನ ಫರ್ಹಾನ್ ತಾವ ಐತಲ್ಲ ಅಂದ್ಕಂಡಿದ್ದೆ…” ತಡೆದರು. “ಸತ್ತೋನ ತಾವ ಕೇಳಕ್ಕೆ ಬಂದವ್ನೆ ಅಂದ್ಕಬೇಡಿ.”

“ಯಾವ ನಾಲ್ಕು ದಿನ?”

ರಜೆ ತೀರಿದವನಿಗೆ ಇನ್ನೊಬ್ಬ ತನ್ನ ಹಾಳೆಯಲ್ಲಿ ಬರೆಸಿಕೊಂಡು ರಜೆ ಕೊಡುವುದು ಆ ಕಾರ್ಖಾನೆಯ ರೂಢಿ. ಮುಂದೆ ಪಡೆದವನು ತನ್ನ ಹಾಳೆಯಿಂದ ತೀರಿಸುತ್ತಾನೆ. ಮೇಸ್ತ್ರಿಗೆ ಗೊತ್ತಿರುತ್ತದೆ, ಪುಸ್ತಕದಲ್ಲಿ ಗುರುತಿರುವುದಿಲ್ಲ. ಆಫೀಸಿನಲ್ಲಿ ಕೂರುವ ಸಫೂರಾಗೆ ಇದನ್ನು ಯಾರೂ ಹೇಳಿರಲಿಲ್ಲ.

“ಸಂಕ್ರಾಂತಿ ಹೊತ್ತಿಗೆ ತಕಂಡಿದ್ದ. ‘ಅಣ್ಣಾ, ನಿನ್ ರಜೆ ತಿಂದ್ಬುಟ್ಟೆ, ನಂಗೆ ಹೊಟ್ಟೆನೋವು ಬಂದ್ರೆ ನೀನೇ ಕಾರಣ’ ಅಂತಿದ್ದ ಬಡ್ಡಿಮಗ.”

ಆ ಸಂಕ್ರಾಂತಿಗೆ ಅವಳು ರಾಮನಗರದ ಆಸ್ಪತ್ರೆಯಲ್ಲಿದ್ದಳು. ಐದು ತಿಂಗಳ ಬಸಿರು ನಿಂತಿರಲಿಲ್ಲ. ನಾಲ್ಕು ದಿನವೂ ಫರ್ಹಾನ್ ಮಂಚದ ಪಕ್ಕದ ಸ್ಟೂಲ್ ಬಿಟ್ಟು ಏಳಲಿಲ್ಲ. ರಜೆ ಇದೆಯಾ ಎಂದು ಎರಡು ಸಲ ಕೇಳಿದ್ದಳು. “ಬೇಕಾದಷ್ಟಿದೆ, ನೀನು ಮಲಗು” ಎಂದಿದ್ದ.

ಅವಳು ಯಜಮಾನರಿಗೆ ಫೋನು ಮಾಡಿದಳು. ಫರ್ಹಾನ್‌ನ ಒಂಬತ್ತರಲ್ಲಿ ನಾಲ್ಕು ಕೊಡಬಹುದೇ?

“ತೀರಿಕೊಂಡೋರ ರಜೆ ಹೆಂಗಮ್ಮ ಕೊಡಕ್ಕಾಯ್ತದೆ? ರಜೆ ಏನು ಸೈಕಲ್ಲಾ, ಎರವಲು ತಕೊಳಕ್ಕೆ? ಇದೆಲ್ಲ ನಿಲ್ಲಿಸಕ್ಕೇ ತಾನೆ ನಿನ್ ಕೈಲಿ ಮಾಡ್ಸಿದ್ದು?”

“ಹಾಗಾದ್ರೆ ನನ್ನ ಹನ್ನೊಂದರಲ್ಲಿ ನಾಲ್ಕು ಅವರಿಗೆ ಹಾಕ್ಲಾ ಸರ್?”



“ನಾಲ್ಕು ದಿನ ಮುಂಚೆ ಬತ್ತೀಯಾ ಹಂಗಾದ್ರೆ?”

“ಬರ್ತೀನಿ.”

“ಇದೊಂದ್ಸಲ ಹಾಕು.”

ಫೋನಿಟ್ಟು ಅವಳು ಅತ್ತೆಯ ಕಡೆ ನೋಡಿದಳು. ಖತೀಜಾರ ಕೈಯಲ್ಲಿ ತಸ್ಬಿಯ ಜಪಮಣಿ ನಿಂತಿತ್ತು. ಮನೆಯಲ್ಲಿದ್ದರೆ ಪರದೆ, ಹೋದರೆ ಆಫೀಸಿನಲ್ಲಿ ಫರ್ಹಾನ್‌ನ ಲೇತು ಕಾಣುವ ಕಿಟಕಿ. ಆ ಕಿಟಕಿಗೆ ಮುಂಚೆ ಅವಳಿಗಿದ್ದದ್ದು ಈ ಹನ್ನೊಂದು ದಿನ ಮಾತ್ರ.

“ನೀನು ಬೇಗ ಹೊರಗೆ ಹೋದ್ರೆ ಮೊಹಲ್ಲಾದವರು ನನ್ನ ಕೇಳ್ತಾರೆ,” ಎಂದರು ಖತೀಜಾ. “ಆ ನಾಲ್ಕು ದಿನ ನಾವೇ ಇಟ್ಕೊಂಡ್ರೆ ಅಲ್ಲಿ ಕಬರಿನಲ್ಲಿ ಮಲಗಿದವನನ್ನ ಕೇಳ್ತಾರೆ. ಹಾಕು ಬೇಟಿ.”

ಸಫೂರಾ ತನ್ನ ಸಾಲಿನಲ್ಲಿ ಏಳು ಎಂದು ಬರೆದಳು. ಮುನಿರಾಮಯ್ಯನವರ ಸಾಲಿನಲ್ಲಿ ನಾಲ್ಕು. ಕಾರಣ ತುಂಬದೆ ಕಂಪ್ಯೂಟರು ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅದೂ ಅವಳದೇ ನಿಯಮ. ‘ಫರ್ಹಾನ್ ಜನವರಿಯಲ್ಲಿ ತೆಗೆದುಕೊಂಡದ್ದು, ವಾಪಸ್’ ಎಂದು ಬರೆದಳು.

“ಅಣ್ಣ,” ಎಂದಳು ಪರದೆಯ ಈಚೆಯಿಂದ. “ನಾಲ್ಕೂ ನಿಮ್ಮ ಹೆಸರಿಗೆ ಬಂದಿವೆ. ಶುಕ್ರವಾರದಿಂದ ತಗೊಳ್ಳಿ.”