ಹಲ್ಲಿನ ಆಸ್ತಿ

“ಬಾಯಿ ತೆಗಿ ಮುದುಕಿ. ಇನ್ನೂ ಅಗಲ. ಹಾಂ, ನೋಡು ಅಲ್ಲಿ, ಹಲ್ಲು ಸೆಟ್ಟು.”

ನೆರವು ಸಾಹೇಬ ಮೇಜಿನ ಮೇಲಿಂದ ಬಗ್ಗಿ, ಪೆನ್ನಿನ ತುದಿಯಿಂದ ಇಸ್ತ್ರಿ ಅಕ್ಕನ ಕೆಳತುಟಿ ಇಳಿಸಿ, ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಇಣುಕಿದ.

“ಬಾಯಿ ತುಂಬ ಆಸ್ತಿ ಇಟ್ಕೊಂಡು ನಿರಾಧಾರ ಅಂತೀಯಲ್ಲೇ. ನೀನು ನಿರಾಧಾರ ಅನ್ನೋದಕ್ಕೆ ಆಧಾರ ಏನು?”

ಬಾಯಲ್ಲಿ ಪೆನ್ನಿದ್ದದ್ದರಿಂದ ಇಸ್ತ್ರಿ ಅಕ್ಕನ ಉತ್ತರದಲ್ಲಿ ಬರೀ ಸ್ವರಗಳಿದ್ದವು. ಪೆನ್ನು ಹೊರಬಂದ ಮೇಲೆ ವ್ಯಂಜನಗಳನ್ನೂ ಸೇರಿಸಿ ಹೇಳಿದಳು: “ಆಧಾರ ಇದ್ದಿದ್ರೆ ನಾನ್ಯಾಕೆ ನಿರಾಧಾರ ಆಗ್ತಿದ್ದೆ ಸ್ವಾಮಿ?”

“ನಾಲಿಗೆಗೇನೂ ಕಾಯಿಲೆ ಇಲ್ಲ ನಿನಗೆ.”

ಕಾಯಿಲೆ ಇದ್ದದ್ದು ಹೃದಯಕ್ಕೆ. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಡಾಕ್ಟರುಗಳ ಬಿಳಿ ಕೋಟಿಗೆ ಇಸ್ತ್ರಿ ತಿಕ್ಕಿ ತಿಕ್ಕಿ, ಕೋಟುಗಳೆಲ್ಲ ನೆಟ್ಟಗಾಗಿ, ಅವಳ ಬೆನ್ನು ಮಡಿಕೆ ಬಿದ್ದಿತ್ತು. ಹೃದಯ ಹಳೇ ಎಲಾಸ್ಟಿಕ್ಕಿನ ಹಾಗೆ ಸಡಿಲವಾಗಿದೆ, ಈ ಮಾತ್ರೆ ಬಿಟ್ಟರೆ ಅದೂ ನಿನ್ನನ್ನು ಬಿಡುತ್ತೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಮಾತ್ರೆ ಕೊಂಡರೆ ಸಂಬಳದಲ್ಲಿ ಅನ್ನಕ್ಕೆ ಉಳಿಯುತ್ತಿರಲಿಲ್ಲ. ಅದಕ್ಕೇ ದಾರ ಕತ್ತರಿಸುವ ಕತ್ತರಿಯಲ್ಲಿ ಮೊದಲು ಅರ್ಧ ಮಾಡಿದಳು, ಆಮೇಲೆ ಅರ್ಧದಲ್ಲಿ ಅರ್ಧ. ಕಾಲು ಮಾತ್ರೆ ನುಂಗಿದ್ದಕ್ಕೆ ಕಾಲು ಊದಿಕೊಂಡಿತು. ಚಪ್ಪಲಿಯೊಳಗೆ ಪಾದ ಹೋಗದೆ, ಹಳೇ ತಲೆದಿಂಬಿನ ಚೀಲ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು, ‘ಹಿರಿಯರ ಔಷಧ ನೆರವು’ ಎಂಬ ಫಲಕದ ಕೆಳಗೆ.

ನೆರವು ಕೇಳಿದರೆ ನೆವ ಕೊಡುವ ಜಾಗ ಅದು. ಹಾಗಾಗಿ ಬಟ್ಟೆ ಒಗೆಯುವವರ ಬಾಯಲ್ಲಿ ಆತ ನೆವದ ಸಾಹೇಬ.

“ಕೆಲಸ ಇದೆಯಾ? ಇದೆ ಅಂದ್ರೆ ನಿರ್ಗತಿಕಳಲ್ಲ. ಇಲ್ಲ ಅಂದ್ರೆ ನಮ್ಮ ಆಸ್ಪತ್ರೆಯವಳಲ್ಲ. ಮಗ ಇದಾನಾ?”

“ಮಕ್ಕಳೇ ಆಗಲಿಲ್ಲ.”

“ಮಗ ಇಲ್ಲ ಅಂತ ಮಗನ ಹತ್ರ ಸಹಿ ಹಾಕಿಸ್ಕೊಂಡು ಬಾ.”

ಹೇಳಿದ್ದೇನೆಂದು ಸಾಹೇಬನಿಗೂ ಅರ್ಧ ಅರ್ಥವಾಗಿ, ಕೆಮ್ಮಿದ. “ಅದೆಲ್ಲ ಬಿಡು. ಆ ಸೆಟ್ಟು ಮಾರ್ಕೊ. ನುಂಗೋ ಮಾತ್ರೆಗೆ ಹಲ್ಲು ಯಾಕೆ ನಿನಗೆ?”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮುದುಕ ಮುದುಕಿಯರು ಸಾಹೇಬನನ್ನು ಮೆಚ್ಚಿಸಲು ನಕ್ಕರು. ಇಸ್ತ್ರಿ ಅಕ್ಕನೂ ಹಲ್ಲು ಕಿರಿದಳು. ಕಿರಿಯಲು ಇದ್ದದ್ದೂ ಅದೇ ಹಲ್ಲು.

ನೆಲಮಾಳಿಗೆಯಲ್ಲಿ ಆವಿ ಗೋಡೆಯಿಂದ ಇಳಿಯುತ್ತಿತ್ತು. ಹಾಸಿಗೆ ಬಟ್ಟೆ ಮಡಿಸುವವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮಡಿಕೆ ಎಂದು. ಆಕೆ ಕೇಳಿದಳು, “ಕೊಟ್ನಾ ಅಕ್ಕಾ?”

“ಕೊಟ್ಟ. ಉಪದೇಶ. ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು.”

ಅಷ್ಟು ಹೇಳಿ ಸಾಹೇಬನಾದಳು. ಸುಳ್ಳು ಕೆಮ್ಮು, ಮೂಗೇರಿಸುವುದು, ಇಸ್ತ್ರಿ ಪೆಟ್ಟಿಗೆಯನ್ನೇ ಪೆನ್ನು ಮಾಡಿ ಆಡಿಸುವುದು, ಎಲ್ಲ ಮಾಡಿ ತೋರಿಸಿದಳು. ಅವಳ ಈ ವಿದ್ಯೆ ನೆಲಮಾಳಿಗೆಗೆಲ್ಲ ಗೊತ್ತಿದ್ದದ್ದೇ. ಅದಿಲ್ಲದೆ ಅಲ್ಲಿ ಯಾರಿಗೂ ದಿನ ಕಳೆಯುತ್ತಿರಲಿಲ್ಲ. “ಹಲ್ಲು ಯಾಕೆ ನಿನಗೆ?” ಅನ್ನುವಲ್ಲಿಗೆ ಬಂದಾಗ ಹಲ್ಲು ಕಚ್ಚಿಕೊಳ್ಳಬೇಕು ಅನ್ನಿಸಿತು. ಬದಲಿಗೆ ಸೆಟ್ಟನ್ನೇ ಕಿತ್ತು ನೀರಿನ ಲೋಟಕ್ಕೆ ಹಾಕಿದಳು. “ಬೇಡ. ಶಾಹೇಬ ಹೇಳಿದ ಮೇಲೆ ಶರಿ, ಶರಿ.”

ಮಾತು ಅವಳದು. ದನಿ ಅವಳದಲ್ಲ.

ಬಟ್ಟೆಗಂಟಿನ ಮೇಲೆ ಕೂತು ಸಿಗರೇಟು ಸೇದುತ್ತಿದ್ದ ಗಾಡಿ ಮಾವ ಧಡಕ್ಕನೆ ಎದ್ದು, ಸಿಗರೇಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅವನು ಬಟ್ಟೆಯ ಗಾಡಿ ತಳ್ಳುವವನು. ಆ ದನಿಗೆ ಜೀವಮಾನವಿಡೀ ಹೆದರಿದ್ದ. ಅದು ಆಸ್ಪತ್ರೆ ಕಟ್ಟಿಸಿದ ದೊಡ್ಡ ಡಾಕ್ಟರ ದನಿ. ಅವರ ಮುಂದಿನ ಹಲ್ಲುಗಳ ನಡುವೆ ಗಾಡಿ ಹೋಗುವಷ್ಟು ಜಾಗ. ಸಕಾರವೆಲ್ಲ ಅಲ್ಲಿ ಶಕಾರವಾಗಿ ಸಿಳ್ಳೆ ಹೊಡೆದುಕೊಂಡು ಬರುತ್ತಿತ್ತು. ‘ಅಂದ್ರೇನಂದ್ರೆ’ ಇಲ್ಲದೆ ಅವರ ಯಾವ ವಾಕ್ಯವೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ.

“ಇನ್ನೊಂದ್ಸಲ ಮಾಡು,” ಅಂದಳು ಮಡಿಕೆ.

“ಅಂದ್ರೇನಂದ್ರೆ, ಶುಮ್ನಿರು.”

ಮಡಿಕೆ ಗೋಡೆಯ ಫೋನು ನೋಡಿದಳು. ಆಮೇಲೆ ಗಾಡಿ ಮಾವ ನೋಡಿದ. ಆಮೇಲೆ ಎಲ್ಲರೂ ನೋಡಿದರು. ಯಾರೋ ಒಗೆಯುವ ಯಂತ್ರ ನಿಲ್ಲಿಸಿದರು.

ಆ ಕಡೆ ಫೋನೆತ್ತಿದ ಸಾಹೇಬ “ಯಾವನೋ ಅದು?” ಅಂದ. ಒಂದೇ ಒಂದು ‘ಅಂದ್ರೇನಂದ್ರೆ’ ಕಿವಿಗೆ ಬಿದ್ದದ್ದೇ ಕುರ್ಚಿ ಹಿಂದಕ್ಕೆ ಸರಿದ ಸದ್ದು ನೆಲಮಾಳಿಗೆಗೂ ಕೇಳಿಸಿತು. ನಿಂತುಬಿಟ್ಟಿದ್ದ.

“ಬಟ್ಟೆ ಒಗೆಯೋ ಕಡೆ ಒಬ್ಬಳು ಇಶ್ತ್ರಿ ಮುದುಕಿ ಇದಾಳಲ್ಲ?”

“ಇದಾರೆ ಸರ್. ಬಹಳ ಒಳ್ಳೆ ಹೆಂಗಸು ಸರ್.”

“ಮಾತ್ರೆ ಕೊಟ್ಟೆಯಾ?”

“ಆಧಾರ ಒಂದಿರಲಿಲ್ಲ ಸರ್...”

“ನಾನೇ ಆಧಾರ. ಶಾಕಾ?”

“ಸಾಕು ಸರ್.”

“ಮೂರು ತಿಂಗಳದ್ದು ಕೊಡು. ಬಂದಾಗ ಕುರ್ಚಿ ಕೊಡು. ನಿನ್ನದೇ ಕುರ್ಚಿ ಕೊಟ್ಟರೂ ಶರಿ.” ಅಷ್ಟರಲ್ಲಿ ಗಾಡಿ ಮಾವ ಎದುರು ನಿಂತು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಅಭಿನಯ ಮಾಡುತ್ತಿದ್ದ. “ಮತ್ತೆ, ಗಾಡಿ ತಳ್ಳೋನಿಗೆ ಶಕ್ಕರೆ ಕಾಯಿಲೆ. ಶೂಜಿ ಕೊಡು.” ಮಡಿಕೆ ಮಂಡಿ ತೋರಿಸಿದಳು. “ಮಡಚೋಳಿಗೆ ಮಂಡಿ ನೋವು. ಮಡಚೋಕೂ ಆಗಲ್ಲ, ಬಿಚ್ಚೋಕೂ ಆಗಲ್ಲ. ಅದಕ್ಕೂ ಏನಾದ್ರೂ.”

ಫೋನಿಟ್ಟ ಮೇಲೆ ನಗೆ ತಡೆಯಲಾರದೆ ಗಾಡಿ ಮಾವ ಗಾಡಿಯೊಳಗೇ ಬಿದ್ದ. ಇಸ್ತ್ರಿ ಅಕ್ಕ ಎದೆ ಹಿಡಿದುಕೊಂಡಳು. “ನಗಿಸಬೇಡ್ರೋ. ಮಾತ್ರೆ ಬರೋ ತನಕ ಇರ್ಬೇಕು ನಾನು.”

ಮಾತ್ರೆ ಬಂತು. ಸಾಹೇಬ ಕುರ್ಚಿ ಕೊಟ್ಟ, ಲೋಟದಲ್ಲಿ ನೀರು ಕೊಟ್ಟ, ತಾಯಿ ಅಂದ. ಕತ್ತರಿಗೆ ಮತ್ತೆ ದಾರವಷ್ಟೇ ಕೆಲಸವಾಯಿತು. ಇಡೀ ಮಾತ್ರೆ ಹೊಟ್ಟೆ ಸೇರತೊಡಗಿದ ಮೇಲೆ ಪಾದ ಇಳಿಯಿತು. ಒಂದು ಬೆಳಗ್ಗೆ ಚಪ್ಪಲಿ ಮೆಟ್ಟಿ ಟಪಟಪ ಸದ್ದು ಮಾಡಿಕೊಂಡು ಬಂದವಳನ್ನು ನೋಡಿ ಮಡಿಕೆ, “ಯಾರವ್ವಾ ಈ ಮದುಮಗಳು?” ಅಂದಳು.

ಕೆಡಿಸಿದ್ದು ಸಾಹೇಬನ ಮುಖಸ್ತುತಿ. ಯಾವುದೋ ಸಭೆ ಮುಗಿದ ಮೇಲೆ ಆತ ನಿಜವಾದ ದೊಡ್ಡ ಡಾಕ್ಟರ ಹಿಂದೆ ಓಡಿ, “ಆ ಇಸ್ತ್ರಿ ಮುದುಕಿ ಬಗ್ಗೆ ಫೋನ್ ಮಾಡಿದ್ರಲ್ಲ ಸರ್, ಎಂಥ ಹೃದಯ ಸರ್ ನಿಮ್ಮದು,” ಅಂದ.

“ಅಂದ್ರೇನಂದ್ರೆ, ಯಾವ ಫೋನು?”

ಸಾಹೇಬ ಮೊದಲ ಸಲ ನೆಲಮಾಳಿಗೆಗೆ ಇಳಿದ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. “ಯಾವ ಬೇವರ್ಸಿ ನನ್ಮಕ್ಕಳೋ ನನಗೆ ಫೋನ್ ಮಾಡಿದ್ದು? ಕೊಳೆ ಬಟ್ಟೆ ತಿಕ್ಕೋ ನಾಯಿಗಳಿಗೆ ದೊಡ್ಡೋರ ದನಿ ಬೇಕಾ?”

ಯಂತ್ರಗಳು ನಿಂತವು. ಇಸ್ತ್ರಿ ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಗಾಡಿ ಮಾವ ಗಂಟಲು ಸರಿಮಾಡಿಕೊಂಡ.

“ಅಂದ್ರೇನಂದ್ರೆ, ನಾನು.”

“ಶರಿ ಶರಿ, ನಾನೂ,” ಅಂದಳು ಮಡಿಕೆ.

“ಶಾಹೇಬ್ರೆ, ಕುರ್ಚಿ ಕೊಡ್ಲಾ?” ಆವಿಯ ಹಿಂದಿನಿಂದ ಬಾಯ್ಲರಿನವನು.

ಆಮೇಲೆ ಎಲ್ಲ ಮೂಲೆಯಿಂದಲೂ ಸಿಳ್ಳೆ ಸಿಳ್ಳೆಯಾಗಿ ದೊಡ್ಡ ಡಾಕ್ಟರು ಎದ್ದು ಬಂದರು. ಸಾಹೇಬ ಒಂದು ದನಿಯ ಕಡೆ ತಿರುಗಿದರೆ ಬೆನ್ನ ಹಿಂದೆ ಇನ್ನೊಂದು.

ಗೋಡೆಯ ಫೋನು ಬಡಿದುಕೊಂಡಿತು. ಸಾಹೇಬನೇ ಎತ್ತಿದ.

“ಅಂದ್ರೇನಂದ್ರೆ, ಶಿಕ್ಕಿದಳಾ ಆ ಮುದುಕಿ?”

“ಮುಚ್ಚೇ ಬೋಳಿ,” ಅಂತ ಸಾಹೇಬ ಕಿರುಚಿದ. “ಹಲ್ಲುದುರಿದ ಗೂಬೆ, ನಿನ್ನ ಶರಿ ಶರಿ ಎಲ್ಲ ಬಿಡಿಸ್ತೀನಿ ತಡಿ. ಕೆಲಸದಿಂದ ಒದ್ದು ಓಡಿಸ್ತೀನಿ.”

“ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?”

“ಗೊತ್ತು ಬಿಡೇ, ಇಸ್ತ್ರಿ ಮುದುಕಿ...”

ಇಸ್ತ್ರಿ ಮುದುಕಿ ಅವನೆದುರೇ ನಿಂತಿದ್ದಳು, ಬಾಯಿ ಮುಚ್ಚಿಕೊಂಡು. ಮಡಿಕೆಯ ಬಾಯಿ ಮುಚ್ಚಿತ್ತು. ಎಲ್ಲರ ಬಾಯಿಯೂ ಮುಚ್ಚಿತ್ತು. ಸಾಹೇಬನ ಬಾಯಿ ಮಾತ್ರ ತೆರೆದೇ ಇತ್ತು. ರಿಸೀವರು ಕೈಯಿಂದ ಜಾರಿ ವೈರಿನಲ್ಲಿ ತೂಗಾಡುತ್ತ ಬಯ್ಯತೊಡಗಿತು.

“ಮಾತ್ರೆ,” ಅಂದ ಸಾಹೇಬ. ಉಳಿದದ್ದನ್ನಾದರೂ ಹಿಂದಕ್ಕೆ ಒಪ್ಪಿಸಿದರೆ ತನ್ನ ಕುರ್ಚಿ ಉಳಿದೀತು ಎಂಬ ಆಸೆ. “ಉಳಿದಿದ್ದು ಎಲ್ಲಿಟ್ಟಿದೀಯ, ತೆಗಿ.”

ಉಳಿದ ಮಾತ್ರೆ ಪಟ್ಟಿಗಳು ಅವಳ ಹಿಂದೆ ತೂಗುಹಾಕಿದ್ದ ದೊಡ್ಡ ಡಾಕ್ಟರ ಕೋಟಿನ ಒಳಜೇಬಿನಲ್ಲಿ ಬೆಚ್ಚಗಿದ್ದವು. ಇಸ್ತ್ರಿ ಅಕ್ಕ ತೋರಿಸಿದ್ದು ಮೂಲೆಯ ರಾಶಿ. ವಾರ್ಡಿನಿಂದ ಆಗಷ್ಟೇ ಇಳಿದ ಹಾಸಿಗೆ ಬಟ್ಟೆಗಳು. ರಕ್ತ, ಕೀವು, ಉಚ್ಚೆ, ಹೇಲು, ಎಲ್ಲ ಹಸಿಹಸಿ.

“ಅದರೊಳಗೆಲ್ಲೋ ಇದೆ. ನಾವು ದಿನಾ ಹಾಕ್ತೀವಿ, ನೀವೂ ಕೈ ಹಾಕಿ.”

ಸಾಹೇಬನ ಕೈ ರಾಶಿಯವರೆಗೆ ಹೋಯಿತು. ಅಲ್ಲಿಂದ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಇಸ್ತ್ರಿ ಅಕ್ಕ ಸೊಂಟದ ಗಂಟಿನಿಂದ ಆ ದಿನದ ಮಾತ್ರೆ ತೆಗೆದಳು, ಇಡೀದು. ನೀರಿಲ್ಲದೆ ನುಂಗಿದಳು. ಹಲ್ಲು ಸೆಟ್ಟನ್ನು ಕಿತ್ತು, ತಿಕ್ಕಿ ಬಿಳುಪು ಮಾಡಿದ ಕೋಟೊಂದರ ಮೇಲೆ ಇಟ್ಟಳು. ಮುಖವನ್ನು ಅವನ ಮುಖಕ್ಕೆ ತಾಗುವಷ್ಟು ಹತ್ತಿರ ಒಯ್ದು, ಬಾಯಿ ತೆಗೆದಳು.

“ಆಧಾರ ಒಳಗಿದೆ ಶ್ವಾಮಿ. ಇನ್ನೂ ಅಗಲ ಬೇಕಾ?”